ಬೆಟ್ಟದ ಮೇಲಿನ ಡೇರೆ, ತೋಟದ ನೀರು

ಕುಮಾರಪರ್ವತವನ್ನು ಹತ್ತುವವರು ಒಂದು ಕಡೆ ಸುಬ್ರಹ್ಮಣ್ಯದ ಅಡಿಕೆ ಸೀಮೆಯಿಂದ ಹೊರಡುತ್ತಾರೆ, ಇನ್ನೊಂದು ಕಡೆ ಸೋಮವಾರಪೇಟೆಯ ಕಾಫಿ ಸೀಮೆಯಿಂದ. ಆದುದರಿಂದ ಆ ಬೆಟ್ಟದ ವಿಚಾರ ನಮಗೇಕೆಂದು ಬೆಳೆಗಾರರಾದ ನಾವು ಸುಮ್ಮನಿರಲಾಗದು.

ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಚಾರಣಿಗರಿಗೆ ಬಹುಕಾಲ ಅನ್ನ ಸಾರು ಸಿಕ್ಕಿದೆ. ಅಲ್ಲೇ ಆಸುಪಾಸಿನಲ್ಲಿ ಡೇರೆ ಹಾಕಿ ರಾತ್ರಿ ಕಳೆದವರೂ ಬಹಳ. ಹತ್ತಿಪ್ಪತ್ತು ಮಂದಿ ಬಂದರೆ ಯಾರಿಗೂ ಭಾರವಲ್ಲ. ಆದರೆ 2024ರ ಜನವರಿ ಕೊನೆಯ ರಜೆಯಲ್ಲಿ ಜನ ಸಾವಿರದ ಲೆಕ್ಕದಲ್ಲಿ ನುಗ್ಗಿದರು. ಸರ್ಕಾರ ಚಾರಣವನ್ನೇ ತಡೆದು, ಅದೇ ವರ್ಷ ಆನ್‌ಲೈನ್ ಬುಕಿಂಗ್ ಮಾಡಿದವರಿಗೆ ಮಾತ್ರ ಮತ್ತೆ ದಾರಿ ಬಿಟ್ಟಿತು. ಇದು ಸರಿಯಾದ ಕ್ರಮವೆಂದೇ ನಮ್ಮ ಮತ.

ಆದರೆ ತಲೆ ಎಣಿಸಿದರೆ ಸಾಲದು. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲು ಒಣಗಿ ನಿಂತಿರುತ್ತದೆ. ಚಳಿ ಕಾಯಿಸಲು ಹಚ್ಚಿದ ಒಂದು ಕೊಳ್ಳಿ ಸಾಕು, ಬೆಂಕಿ ಶೋಲಾ ಕಾಡಿನ ಅಂಚು ಮುಟ್ಟುತ್ತದೆ. ಆ ಕಾಡು ಹಿಡಿದಿಟ್ಟ ನೀರೇ ಹಳ್ಳವಾಗಿ, ಕುಮಾರಧಾರೆಯಾಗಿ ಕೆಳಗಿನ ಅಡಿಕೆಯ ಬುಡ ತಂಪು ಮಾಡುವುದು. ರಾತ್ರಿ ತಂಗಲು ಬಿಡುವುದೇ ಆದರೆ ಗುರುತಿಸಿದ ಒಂದೇ ಜಾಗದಲ್ಲಿ, ಬೆಂಕಿ ಹಚ್ಚದೆ, ಒಯ್ದ ಪ್ಲಾಸ್ಟಿಕ್ಕನ್ನು ಲೆಕ್ಕ ಕೊಟ್ಟು ವಾಪಸು ತರುವ ಷರತ್ತಿನ ಮೇಲೆ ಬಿಡಲಿ. (ಮೈಲುತುತ್ತಿನ ಖಾಲಿ ಚೀಲವನ್ನು ಹಳ್ಳಕ್ಕೆ ಎಸೆಯುವ ನಮ್ಮವರೂ ಇದನ್ನು ಓದಲಿ.) ಷರತ್ತು ಗೊತ್ತುಮಾಡುವ ಮೊದಲು ಅರಣ್ಯ ಇಲಾಖೆಯವರು ಬೆಟ್ಟದ ಎರಡೂ ಬುಡದ ಬೆಳೆಗಾರರನ್ನು ಕರೆದು ಕೇಳಲಿ.