ಅನುಕರಣಾವ್ಯಯಗಳು ನಿರರ್ಥಕವೆ?

ಕನ್ನಡ ವ್ಯಾಕರಣವನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಅನುಕರಣಾವ್ಯಯದ ಲಕ್ಷಣವನ್ನು ಬಾಯಿಪಾಠ ಮಾಡಿರುತ್ತಾನೆ. ಅರ್ಥವಿಲ್ಲದ ಸದ್ದನ್ನು ಕಿವಿಗೆ ಬಿದ್ದಂತೆ ಮರಳಿ ನುಡಿಯುವುದು ಅನುಕರಣವೆಂಬುದು ಅದರ ಸಾರ. ಪರೀಕ್ಷೆಯಲ್ಲಿ ಪಟಪಟ, ದಬದಬ, ಚಟಚಟ ಎಂದು ಮೂರು ಉದಾಹರಣೆಗಳನ್ನು ಬರೆದು, ಅಂಕ ಪಡೆದು, ಆಮೇಲೆ ಅವುಗಳನ್ನು ಮರೆತುಬಿಡುತ್ತಾನೆ. ಅದೇ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ 'ರಣರಣ ಬಿಸಿಲು' ಎಂದು ಬರೆದನೆನ್ನಿ. ಕೆಂಪು ಮಸಿಯು ಅದನ್ನು ಹೊಡೆದುಹಾಕಿ 'ಅತ್ಯಂತ ತೀವ್ರವಾದ ಬಿಸಿಲು' ಎಂದು ತಿದ್ದುತ್ತದೆ. ಈ ತಿದ್ದುಪಡಿಯಿಂದ ಭಾಷೆ ಶುದ್ಧವಾಯಿತೋ ಬಡವಾಯಿತೋ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಲಕ್ಷಣವನ್ನೇ ಪರೀಕ್ಷಿಸೋಣ. ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಅವ್ಯಕ್ತಧ್ವನಿಯ ಅನುಕರಣಕ್ಕೆ ಡಾಚ್ ಪ್ರತ್ಯಯವನ್ನು ವಿಧಿಸಿರುವನು. 'ಪಟಪಟಾಕರೋತಿ' ಎಂಬುದು ಅದರ ಪ್ರಸಿದ್ಧ ರೂಪ. 13ನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಅವ್ಯಯಗಳ ನಡುವೆ ಅನುಕರಣಕ್ಕೆ ಸ್ಥಾನವಿತ್ತಿರುವನು. ಪೂರ್ವಾಚಾರ್ಯರು ಈ ಶಬ್ದಗಳನ್ನು ಹೊರಗೆ ನಿಲ್ಲಿಸಲಿಲ್ಲ. ಆದರೆ 'ಸದ್ದು' ಎಂಬ ಮಾತನ್ನೇ ಬಿಗಿಯಾಗಿ ಹಿಡಿದುಕೊಂಡ ನಮ್ಮ ಶಾಲಾಪಾಠವು ಕನ್ನಡದ ದೊಡ್ಡದೊಂದು ಸಂಪತ್ತನ್ನು ಕೈಬಿಟ್ಟಿತು. ಬೆಳಗಿಟ್ಟ ಹಿತ್ತಾಳೆಯ ಕೊಡ ಥಳಥಳಿಸುತ್ತದೆ. ಅಲ್ಲಿ ಯಾವ ಸದ್ದಿದೆ? ಒಲೆಯ ಕೆಂಡ ನಿಗಿನಿಗಿ ಎನ್ನುತ್ತದೆ, ಮಲ್ಲಿಗೆ ಘಮಘಮಿಸುತ್ತದೆ, ಕುಳಿತು ಮರಗಟ್ಟಿದ ಕಾಲು ಜುಮುಜುಮು ಎನ್ನುತ್ತದೆ. ಮಗಳನ್ನು ಗಂಡನ ಮನೆಗೆ ಕಳುಹಿಸಿದ ಮರುದಿನ ತವರುಮನೆ ಭಣಭಣ ಎನ್ನುತ್ತದೆ, ಬಿಕೋ ಎನ್ನುತ್ತದೆ. ಸದ್ದೇ ಇಲ್ಲದ ಸ್ಥಿತಿಗೂ ಕನ್ನಡವು ಒಂದು ಸದ್ದನ್ನು ಕೊಟ್ಟಿದೆ! ಇವುಗಳನ್ನು ಅರ್ಥವಿಲ್ಲದವೆಂದು ಹೇಗೆ ಹೇಳುವುದು?

ಈ ಮಾತಿನಲ್ಲಿ ದೂರದ ಜಪಾನೀ ಭಾಷೆ ನಮಗೆ ಹತ್ತಿರದ ಬಂಧು. ಸದ್ದನ್ನು ಅನುಕರಿಸುವ ಶಬ್ದಗಳಿಗೆ ಅವರು 'ಗಿಯೊಂಗೊ' ಎಂದೂ, ಸದ್ದಿಲ್ಲದ ಸ್ಥಿತಿಯನ್ನು ಚಿತ್ರಿಸುವ ಶಬ್ದಗಳಿಗೆ 'ಗಿತಾಇಗೊ' ಎಂದೂ ಬೇರೆ ಬೇರೆ ಹೆಸರಿಟ್ಟಿರುವರು. ಹೊಳೆಯುವುದಕ್ಕೆ 'ಕಿರಕಿರ', ಎದೆಬಡಿತಕ್ಕೆ 'ದೊಕಿದೊಕಿ', ನಮ್ಮ 'ಬಿಕೋ' ಎಂಬುದಕ್ಕೆ ಸಮನಾಗಿ 'ಶೀನ್'. ಹಗುರವಾದುದು ಉರುಳಿದರೆ 'ಕೊರೊಕೊರೊ', ಭಾರವಾದುದು ಉರುಳಿದರೆ 'ಗೊರೊಗೊರೊ'. ಅಲ್ಲಿ ಇವು ಮಕ್ಕಳ ತೊದಲೆಂದು ಯಾರೂ ತಳ್ಳಿಹಾಕುವುದಿಲ್ಲ. ಪ್ರೌಢರ ದಿನಬಳಕೆಯಲ್ಲಿಯೂ ಇವೆ, ಇವುಗಳಿಗೆಂದೇ ನಿಘಂಟುಗಳೂ ಇವೆ.

ಅಂತಹ ವ್ಯವಸ್ಥೆ ಕನ್ನಡದಲ್ಲಿ ಇಲ್ಲವೆ? ಧಾರಾಳವಾಗಿದೆ. ಗೆಜ್ಜೆ ಕಿಣಿಕಿಣಿ ಎಂದರೆ ಗುಡಿಯ ಗಂಟೆ ಗಣಗಣ ಎನ್ನುವುದು. ಸ್ವರ ಹಿಗ್ಗಿ, ಕಕಾರ ಗಕಾರವಾದೊಡನೆ ವಸ್ತುವೂ ಹಿರಿದಾಯಿತು. ಕ್ರಿಯೆಯು ಎಡೆಬಿಡದೆ ನಡೆದರೆ ದ್ವಿರುಕ್ತಿ, ಒಮ್ಮೆಲೇ ನಡೆದುಹೋದರೆ 'ಅನೆ' ಎಂಬ ಕೊನೆ: ಮಳೆಹನಿ ಪಟಪಟ ಉದುರುತ್ತದೆ, ದಾರ ಪಟ್ಟನೆ ಹರಿಯುತ್ತದೆ. 'ಇಸು' ಸೇರಿದರೆ ಧಗಧಗಿಸು, ಘಮಘಮಿಸು ಎಂಬ ಧಾತುಗಳು. 'ಗುಟ್ಟು' ಸೇರಿದರೆ ಗುಣುಗುಟ್ಟು, ಮಿಣುಗುಟ್ಟು, ಪಿಸುಗುಟ್ಟು. ನಮ್ಮೂರಿನ ಗೋಳಗುಮ್ಮಟದ ಗ್ಯಾಲರಿಯಲ್ಲಿ ಈ ಬದಿಗೆ ಪಿಸುಗುಟ್ಟಿದ್ದು ಆ ಬದಿಗೆ ಕೇಳಿಸುವುದೆಂದು ಪ್ರವಾಸಿಗರಿಗೆ ಹೇಳುತ್ತೇವಲ್ಲ, ಆ ಕ್ರಿಯಾಪದವೇ ಅನುಕರಣದಿಂದ ಹುಟ್ಟಿದುದು.

ಇದು ಕೇವಲ ಶೈಲಿಯ ಪ್ರಶ್ನೆಯಲ್ಲ. ತಿಕೋಟೆಯಿಂದಲೋ ಬಬಲೇಶ್ವರದಿಂದಲೋ ನಗರದ ದವಾಖಾನೆಗೆ ಬರುವ ಮುದುಕಿ ತನ್ನ ಬೇನೆಯನ್ನು ಯಾವ ಮಾತಿನಲ್ಲಿ ಹೇಳಬೇಕು? ಎದೆ ಡವಡವ, ಹೊಟ್ಟೆ ಗುಳುಗುಳು, ಗಾಯ ಚುರುಚುರು, ಕಾಲು ಜುಮುಜುಮು. ಇವು ನಾಲ್ಕು ಬೇರೆ ಬೇರೆ ಅನುಭವಗಳು. 'ಬಹಳ ನೋವು' ಎಂಬ ಒಂದೇ ಮಾತು ನಾಲ್ಕನ್ನೂ ಅಳಿಸಿಬಿಡುತ್ತದೆ. ಜಪಾನಿನಲ್ಲಿ ರೋಗಿಯು ಮಿಡಿಯುವ ನೋವಿಗೆ 'ಜುಕಿಜುಕಿ' ಎಂದೂ ಚುಚ್ಚುವ ನೋವಿಗೆ 'ಚಿಕುಚಿಕು' ಎಂದೂ ಹೇಳಿದರೆ ವೈದ್ಯನು ಅದನ್ನು ಲಕ್ಷ್ಯಗೊಟ್ಟು ಕೇಳುತ್ತಾನೆ. ನಾಳೆ ವೈದ್ಯರಾಗುವ ನಮ್ಮ ಮಕ್ಕಳಿಗೆ ತಮ್ಮ ಅಜ್ಜಿಯ ಮಾತು ತಿಳಿಯದಂತಾದರೆ ಆ ಹೊಣೆ ಯಾರದು?

ಪಂಡಿತರಾದವರು ಇವುಗಳನ್ನು ಗೌರವಿಸಿದ್ದಾರೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಇಂತಹ ಅನೇಕ ಶಬ್ದಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಎಂ. ಬಿ. ಎಮೆನೊ ಎಂಬ ವಿದ್ವಾಂಸರು 1969ರ ತಮ್ಮ ಪ್ರಬಂಧದಲ್ಲಿ, ಇವು ದ್ರಾವಿಡ ಮತ್ತು ಆರ್ಯ ಭಾಷೆಗಳೆರಡೂ ಹಂಚಿಕೊಂಡಿರುವ ಭಾರತೀಯ ಲಕ್ಷಣವೆಂದು ತೋರಿಸಿದರು. ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದಾಗ, ಆಡುನುಡಿ ಗ್ರಾಮ್ಯವೆಂಬ ಅಳುಕನ್ನು ಈ ನೆಲವೇ ಮೊದಲು ಬಿಟ್ಟುಕೊಟ್ಟಿತು. ಧಾರವಾಡದ ಬೇಂದ್ರೆಯವರ ಕಾವ್ಯದಲ್ಲಿ ಈ ಶಬ್ದಗಳು ಎಂತಹ ಎತ್ತರಕ್ಕೆ ಏರಿದವೆಂಬುದನ್ನು ವಾಚಕರೇ ಬಲ್ಲರು.

ಹಾಗೆಂದು ಸಾಲುಸಾಲಿಗೆ ಇವುಗಳನ್ನು ಸುರಿಯಬೇಕೆಂದು ನನ್ನ ಮತವಲ್ಲ. ಔಚಿತ್ಯವೇ ಇಲ್ಲಿ ನ್ಯಾಯಾಧೀಶ. ಅರ್ಜಿಯಲ್ಲಿ, ವಿಜ್ಞಾನದ ಪ್ರಮೇಯದಲ್ಲಿ ಇವುಗಳಿಗೆ ಎಡೆಯಿಲ್ಲ. ಎಲ್ಲಿ ಬಳಸಿದರೂ ಕ್ರಿಯಾಪದದೊಡನೆ ಹೊಂದಬೇಕು: ಮಗು ಕಿಲಕಿಲ ನಗುವುದು, ಖಳನಾಯಕ ಗಹಗಹಿಸಿ ನಗುವನು, ಮಳೆ ಜಿಟಿಜಿಟಿ ಹಿಡಿಯುವುದು, ಧೋ ಎಂದು ಸುರಿಯುವುದು. ಈ ಜೋಡಣೆಯ ಜ್ಞಾನವನ್ನು ಕಲಿಸುವುದೇ ಅಧ್ಯಾಪಕನ ಕೆಲಸ, ಶಬ್ದವನ್ನೇ ಅಳಿಸುವುದಲ್ಲ. ಅಳಿಸಿದ್ದರ ಫಲ ಕಣ್ಣಮುಂದಿದೆ. ಜಲನಗರದ ಮನೆಗಳಲ್ಲಿ ಬೆಳೆಯುವ ಮಗುವಿಗೆ ಬಿಸಿಲೂ 'ತುಂಬಾ', ಮಳೆಯೂ 'ತುಂಬಾ', ದುಃಖವೂ 'ತುಂಬಾ'.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ಎರಡು ಬಿನ್ನಹ. ಇಂತಹ ಶಬ್ದ ಪ್ರಬಂಧದಲ್ಲಿ ಕಂಡಾಗ, ಅದು ಅಲ್ಲಿ ಹೊಂದುವುದೋ ಇಲ್ಲವೋ ಎಂದು ನೋಡಿ, ಆಮೇಲೆ ಮಸಿ ಮುಟ್ಟಿಸಿರಿ. ರಜೆಗೆ ಊರಿಗೆ ಹೋಗುವ ಪ್ರತಿ ವಿದ್ಯಾರ್ಥಿಯೂ ಹಿರಿಯರ ಬಾಯಿಂದ ಹತ್ತು ಅನುಕರಣಶಬ್ದಗಳನ್ನು, ಅವು ಕೂಡುವ ಕ್ರಿಯಾಪದಗಳ ಸಹಿತ, ಬರೆದು ತರಲಿ. ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹ: ಆ ವಹಿಗಳು ಕೂಡಿದಾಗ ಅವುಗಳನ್ನು ಒಂದು ಚಿಕ್ಕ ಕೋಶವಾಗಿ ಅಚ್ಚು ಹಾಕಿಸುವ ವೆಚ್ಚವನ್ನು ವಹಿಸಿರಿ. ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನಲ್ಲಿ ನಿಲ್ಲುವಂತೆ ಇದು ನಾಲಿಗೆಯಲ್ಲಿ ನಿಲ್ಲುವುದು.