ಮದ್ದಿನ ಚೀಟಿಯೂ ಮನೆಯ ಭಾಷೆಯೂ

ಸಕ್ಕರೆ ಕಾಯಿಲೆಯವರಿಗೆ ಊಟತಿಂಡಿಯ ಪಥ್ಯ ಹೊಸತಲ್ಲ. ಆದರೆ ಬೇರೆ ಕಾಯಿಲೆಗೆಂದು ನುಂಗುವ ಮದ್ದೂ ರಕ್ತದ ಸಕ್ಕರೆಯನ್ನು ಏರಿಳಿಸಬಲ್ಲುದೆಂಬುದು ನಮ್ಮ ಅನೇಕ ಮನೆಗಳಲ್ಲಿ ಇನ್ನೂ ತಿಳಿದಿಲ್ಲ.

ದಮ್ಮು, ಗಂಟುವಾತಗಳಿಗೆ ಕೊಡುವ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆಗಳು ಇವುಗಳಲ್ಲಿ ಮುಖ್ಯವಾದವು. ಇವು ಯಕೃತ್ತಿನಿಂದ ಹೆಚ್ಚು ಸಕ್ಕರೆ ಹೊರಬರುವಂತೆ ಮಾಡಿ, ಇನ್ಸುಲಿನ್ನಿನ ಬಲವನ್ನೂ ಕುಂದಿಸುತ್ತವೆ. ಬೆಳಗ್ಗೆ ನುಂಗಿದ ಮಾತ್ರೆ ಹೆಚ್ಚಾಗಿ ಮಧ್ಯಾಹ್ನದ ಬಳಿಕವೇ ಸಕ್ಕರೆಯನ್ನು ಏರಿಸುವುದರಿಂದ ಬರಿಹೊಟ್ಟೆಯ ರಕ್ತಪರೀಕ್ಷೆಯೊಂದನ್ನೇ ನಂಬುವಂತಿಲ್ಲ. 2021ರ ಕೊರೋನಾ ಅಲೆಯಲ್ಲಿ ಸ್ಟೀರಾಯ್ಡ್ ಹಾಗೂ ಅಂಕೆಮೀರಿದ ಸಕ್ಕರೆ ಜೊತೆಗೂಡಿ ಕಪ್ಪು ಶಿಲೀಂಧ್ರ ರೋಗಕ್ಕೆ ಎಡೆಮಾಡಿಕೊಟ್ಟುದನ್ನು ದೇಶವೇ ಕಂಡಿದೆ.

ರಕ್ತದೊತ್ತಡದ ಥಯಾಜೈಡ್ ಮಾತ್ರೆ ಸಕ್ಕರೆಯನ್ನು ತುಸು ಏರಿಸಬಹುದು. ಪ್ರೊಪ್ರನೊಲಾಲ್ ಸಕ್ಕರೆ ಕುಸಿದಾಗಿನ ಎದೆಬಡಿತ, ನಡುಕಗಳನ್ನು ಮರೆಮಾಚುತ್ತದೆ; ಆಗ ಎಚ್ಚರಿಕೆಗೆ ಉಳಿಯುವುದು ಮುಖ್ಯವಾಗಿ ಬೆವರು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ನುಂಗುವವರಿಗೆ ಸೋಂಕಿಗೆಂದು ಕೊಟ್ಟ ಸಿಪ್ರೊಫ್ಲಾಕ್ಸಾಸಿನ್, ಕೋಟ್ರೈಮೋಕ್ಸಜೋಲ್‌ಗಳಿಂದ, ಅದರಲ್ಲೂ ವೃದ್ಧರಲ್ಲಿ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದುಂಟು. ಆಯುರ್ವೇದದ ಅರಿಷ್ಟ, ಆಸವ, ಲೇಹ್ಯಗಳಲ್ಲಿ ಸಾಮಾನ್ಯವಾಗಿ ಬೆಲ್ಲ ಅಥವಾ ಸಕ್ಕರೆ ಇರುತ್ತದೆ. ಹಲವು ಕೆಮ್ಮಿನ ಸಿರಪ್‌ಗಳಲ್ಲೂ ಇದೆ.

ಹಾಗೆಂದು ಮದ್ದನ್ನು ತಾವಾಗಿಯೇ ನಿಲ್ಲಿಸುವುದು ಸರಿಯಲ್ಲ. ಬಹುದಿನ ಸೇವಿಸಿದ ಸ್ಟೀರಾಯ್ಡನ್ನು ಹಠಾತ್ತನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಏನನ್ನು ಬಿಡಬೇಕು, ಎಷ್ಟು ತಗ್ಗಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು.

ಹೇಳಿದರೂ ಅದು ತಿಳಿಯಬೇಕಷ್ಟೆ! ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ನಮ್ಮ ಹಿರಿಯರು ಸಂಕೋಚದಿಂದ ತಲೆಯಾಡಿಸಿ ಮನೆಗೆ ಬರುತ್ತಾರೆ. ಮೇಲಾಗಿ ಒಂದು ಚೀಟಿ ಮಂಗಳೂರಿನದು, ಇನ್ನೊಂದು ಊರಿನದು. ಒಬ್ಬ ವೈದ್ಯರು ಬರೆದುದು ಇನ್ನೊಬ್ಬರಿಗೆ ತಿಳಿಯದು. ಭಾಷೆಯ ಪ್ರಶ್ನೆ ಶಾಲೆ, ಕಚೇರಿಗಳಿಗಷ್ಟೇ ಸೀಮಿತವಲ್ಲ, ಅದು ಜೀವದ ಪ್ರಶ್ನೆಯೂ ಹೌದು.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ಮದ್ದು ಕೊಡುವಾಗ ಕನ್ನಡದಲ್ಲಿ ವಿವರಿಸುವವರೊಬ್ಬರಿರಬೇಕು, ಕನ್ನಡದಲ್ಲಿ ಅಚ್ಚು ಮಾಡಿದ ಸೂಚನಾ ಚೀಟಿಯೂ ದೊರೆಯಬೇಕು. ಇದಕ್ಕೆ ದೊಡ್ಡ ವೆಚ್ಚವೇನೂ ತಗಲದು. ಆರೋಗ್ಯ ಇಲಾಖೆ ಇತ್ತ ಗಮನ ಹರಿಸಬೇಕಾಗಿದೆ.

ಅಲ್ಲಿಯವರೆಗೆ ಓದುಗರಲ್ಲಿ ನಮ್ಮ ವಿನಂತಿ ಇಷ್ಟೆ: ಯಾವ ವೈದ್ಯರಲ್ಲಿಗೆ ಹೋದರೂ ಮನೆಯಲ್ಲಿರುವ ಮದ್ದುಗಳನ್ನೆಲ್ಲ, ಅರಿಷ್ಟದ ಕುಪ್ಪಿ ಸಹಿತ, ಒಂದು ಚೀಲದಲ್ಲಿ ಕೊಂಡೊಯ್ದು ತೋರಿಸಿರಿ. ಸಕ್ಕರೆ ಕಾಯಿಲೆ ಇದೆಯೆಂದು ಮೊದಲೇ ಹೇಳಿರಿ. ತಿಳಿಯದಿದ್ದರೆ ಮತ್ತೊಮ್ಮೆ ಕೇಳಿರಿ, ಕೇಳುವುದರಲ್ಲಿ ನಾಚಿಕೆಯಿಲ್ಲ.