ದೂರವನ್ನು ಬೆಳೆಸಿದವರು ಯಾರು?

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋ ನಗರಕ್ಕೆ ನೇರ ದಾರಿಯಲ್ಲಿ ಸುಮಾರು 7,800 ಕಿಲೋಮೀಟರು. 2022ರ ಆರಂಭದವರೆಗೆ ವಿಮಾನಗಳು ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಅಲ್ಲಿಗೆ ಮುಟ್ಟುತ್ತಿದ್ದವು. ಅದೇ ವರ್ಷದ ಮಾರ್ಚಿಯಿಂದ ಈ ಪ್ರಯಾಣಕ್ಕೆ ಹದಿಮೂರು ಗಂಟೆ ಬೇಕಾಯಿತು. ದಾರಿ 12,000 ಕಿಲೋಮೀಟರನ್ನೂ ಮೀರಿತು. ಊರುಗಳು ಇದ್ದಲ್ಲೇ ಇವೆ, ಎಂಜಿನುಗಳೂ ಕೆಟ್ಟಿಲ್ಲ. ಹಾಗಾದರೆ ದೂರ ಬೆಳೆದುದು ಹೇಗೆ?

ಈ ಎರಡು ಊರುಗಳ ನಡುವೆ ಇರುವುದು ರಷ್ಯದ ಆಕಾಶ. ಆಕಾಶ ಯಾರಪ್ಪನ ಸೊತ್ತೂ ಅಲ್ಲವೆಂಬುದು ನಮ್ಮ ನಂಬಿಕೆ. ಆದರೆ 1944ರ ಷಿಕಾಗೋ ಒಪ್ಪಂದದ ಪ್ರಕಾರ ಪ್ರತಿ ರಾಷ್ಟ್ರವೂ ತನ್ನ ನೆಲದ ಮೇಲಿನ ಆಕಾಶಕ್ಕೆ ಪೂರ್ಣ ಒಡೆಯ. ಹೀಗಾಗಿಯೇ 1983ರಲ್ಲಿ ಫಿನ್ಲೆಂಡಿನ ಫಿನ್‌ಏರ್ ಟೋಕಿಯೋಗೆ ನೇರ ವಿಮಾನ ಹೂಡಿದಾಗ, ಸೋವಿಯತ್ ಗಡಿಯನ್ನು ತಪ್ಪಿಸಿ ಉತ್ತರ ಧ್ರುವದ ಕಡೆಯಿಂದ ಸುತ್ತಿ ಹೋಗಬೇಕಾಯಿತು. ಆಗಲೂ ಹದಿಮೂರು ಗಂಟೆಯೇ! ಮುಂದೆ ಸೈಬೀರಿಯದ ದಾರಿ ತೆರೆಯಿತು, ಹೊತ್ತು ಉಳಿಯಿತು. 2022ರ ಫೆಬ್ರವರಿ 24ರಂದು ರಷ್ಯ ಯುಕ್ರೇನಿನ ಮೇಲೆ ದಂಡೆತ್ತಿತು. ಯುರೋಪು ರಷ್ಯದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ರಷ್ಯ 36 ದೇಶಗಳಿಗೆ ಬಾಗಿಲು ಹಾಕಿತು. ಸುಮಾರು ನಲವತ್ತು ವರ್ಷಗಳ ಮುನ್ನಡೆ ಒಂದೇ ವಾರದಲ್ಲಿ ಅಳಿಸಿಹೋಯಿತು.

ನೆರೆಯ ದೇಶವನ್ನು ತುಳಿಯುವ ಸೈನ್ಯವನ್ನು ಯಾವ ಸಮಾಜವಾದಿಯೂ ಸಮರ್ಥಿಸಲಾರ. ನಮ್ಮ ಪ್ರಶ್ನೆ ಬೇರೆ: ಆ ಹೆಚ್ಚಿನ ಮೂರೂವರೆ ಗಂಟೆಯ ಎಣ್ಣೆಯ ಖರ್ಚನ್ನು ತೆತ್ತವರು ಯಾರು? ಯುದ್ಧ ಹೂಡಿದವನು ತೆರಲಿಲ್ಲ. ಫಿನ್‌ಏರಿನ ಷೇರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿನ ಸರಕಾರದ್ದೇ. ಆದರೂ 2022ರಲ್ಲಿ ಆ ಸಂಸ್ಥೆ ನೌಕರರ ಸಂಖ್ಯೆಯನ್ನು ಕಡಿತಗೊಳಿಸಲು ತೊಡಗಿತು. ಇತ್ತ ಚೀನದ ವಿಮಾನಗಳಿಗೆ ರಷ್ಯದ ಹತ್ತಿರದ ದಾರಿ ತೆರೆದೇ ಇತ್ತು. ಎದುರಂಗಡಿಯವನಿಗೆ ನೇರ ರಸ್ತೆ, ತನಗೆ ಸುತ್ತುದಾರಿ ಎಂದಾದರೆ ಏನಾಗುವುದೆಂದು ವ್ಯಾಪಾರಿ ಮಿತ್ರರಿಗೆ ವಿವರಿಸಬೇಕಾಗಿಲ್ಲ.

ಇದು ಪರದೇಶದ ಕತೆ ಮಾತ್ರವಲ್ಲ. 2019ರ ಫೆಬ್ರವರಿಯಿಂದ ಜುಲೈವರೆಗೆ, ಮತ್ತೆ 2025ರ ಏಪ್ರಿಲಿನಿಂದ, ಪಾಕಿಸ್ತಾನವು ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು. 2025ರಲ್ಲಿ ನಾವೂ ಅವರಿಗೆ ಮುಚ್ಚಿದೆವು. ದಿಲ್ಲಿಯಿಂದ ಪಶ್ಚಿಮಕ್ಕೆ ಹೊರಟ ವಿಮಾನಗಳು ಅರಬ್ಬೀ ಸಮುದ್ರದ ಮೇಲಿನಿಂದ ಸುತ್ತು ಹಾಕಿದವು.

ವಿಮಾನ ಹತ್ತದವನಿಗೆ ಇದರ ಗೊಡವೆ ಏಕೆಂದು ಕೆಲವರು ಕೇಳಿಯಾರು. ಗಿರಣಿಯ ಕಾರ್ಮಿಕ ಈ ನ್ಯಾಯವನ್ನು ಬಲ್ಲ. ಪೇಟೆ ಕುಸಿದರೆ ಕೂಲಿ ಕಡಿತ, ಹತ್ತಿ ಏರಿದರೆ ಕೂಲಿ ಕಡಿತ. ಈಗ ಆಕಾಶ ಮುಚ್ಚಿದರೂ ಕಡಿತ ದುಡಿಯುವವನಿಗೇ. ಗಡಿ ಮುಚ್ಚುವ ಅಧಿಕಾರ ಸರಕಾರಕ್ಕೆ ಇದೆಯೆಂದಾದರೆ, ಅದರ ನಷ್ಟವನ್ನು ಹೊರುವ ಹೊಣೆಯೂ ಸರಕಾರದ ಬೊಕ್ಕಸಕ್ಕೆ ಸೇರಬೇಕು. ಲಾಭದ ವರ್ಷಗಳಲ್ಲಿ ಪಾಲು ಪಡೆದ ಷೇರುದಾರನೂ ಹೆಗಲು ಕೊಡಬೇಕು. ದುಡಿಯುವವನ ಕೆಲಸಕ್ಕೆ, ಕೂಲಿಗೆ ಕೈ ಹಾಕಕೂಡದು.

ಆಳುವವರು ಬೆಳೆಸಿದ ದೂರವನ್ನು ದುಡಿಯುವವರು ಯಾಕೆ ಸವೆಸಬೇಕು?